ಕ್ಲಿನಿಕಲ್ ರಿಸರ್ಚ್ ಓದು: ಡಾಕ್ಟರು, ನರ್ಸು, ಫಿಸಿಯೋಗಳಿಗೆ ಇನ್ನೊಂದು ಡಿಗ್ರಿ ಯಾಕೆ?

ದೇರಳಕಟ್ಟೆಯಿಂದ ಮಣಿಪಾಲದವರೆಗೆ ಮೆಡಿಕಲ್ ಕಾಲೇಜುಗಳ ಸಾಲೇ ಇದೆ. ಕೆ.ಎಸ್. ಹೆಗ್ಡೆ, ಯೇನೆಪೋಯ, ಕಂಕನಾಡಿಯ ಫಾದರ್ ಮುಲ್ಲರ್, ಮಂಗಳೂರಿನ ಕೆಎಂಸಿ, ಕುಂಟಿಕಾನದ ಎ.ಜೆ., ಮುಕ್ಕದ ಶ್ರೀನಿವಾಸ್, ಕೊನೆಗೆ ಮಣಿಪಾಲದ ಕೆಎಂಸಿ. ಹೀಗಾಗಿ ನಮ್ಮ ಕಡೆ ನೆಂಟರಿಷ್ಟರಲ್ಲಿ ಒಬ್ಬರಾದರೂ ನರ್ಸೋ, ಫಿಸಿಯೋವೋ, ಫಾರ್ಮಸಿ ಓದಿದವರೋ ಇದ್ದೇ ಇರುತ್ತಾರೆ.

ಈಗೀಗ ಎರಡು ಪ್ರಶ್ನೆಗಳು ಕಿವಿಗೆ ಬೀಳುತ್ತಿವೆ. ಒಂದು, "ಮಗಳದ್ದು ಬಿಪಿಟಿ (ಫಿಸಿಯೋಥೆರಪಿ ಡಿಗ್ರಿ) ಮುಗಿಯಿತು, ಕ್ಲಿನಿಕಲ್ ರಿಸರ್ಚ್‌ನಲ್ಲಿ ಎಂಎಸ್ಸಿ ಮಾಡಿಸಬಹುದಾ?" ಇನ್ನೊಂದು, "ಆಸ್ಪತ್ರೆಯಲ್ಲಿ ಅಮ್ಮನ ಹತ್ತಿರ ಯಾವುದೋ ಸ್ಟಡಿಗೆ ಸಹಿ ಕೇಳಿದರು, ಹಾಕಬಹುದಾ?" ಎರಡಕ್ಕೂ ಸಂಬಂಧ ಇಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಆ ಸಹಿಯನ್ನು ಯಾಕೆ ಕೇಳಬೇಕು, ಹೇಗೆ ಕೇಳಬೇಕು, ಕೇಳಿ ಆದಮೇಲೆ ಏನು ಮಾಡಬೇಕು ಎನ್ನುವುದೇ ಆ ಎಂಎಸ್ಸಿಯ ಪಾಠ.

ಮೊದಲು ಅರ್ಥ ನೋಡೋಣ. ಮನುಷ್ಯರನ್ನು ಒಳಗೊಂಡ ವೈದ್ಯಕೀಯ ಸಂಶೋಧನೆಗೆ ಕ್ಲಿನಿಕಲ್ ರಿಸರ್ಚ್ ಎನ್ನುತ್ತಾರೆ. ಹೊಸ ಮಾತ್ರೆಯ ಪ್ರಯೋಗ ಅದರ ಒಂದು ಭಾಗ ಮಾತ್ರ. ಮಳೆಗಾಲದಲ್ಲಿ ಇಲಿಜ್ವರ ಯಾವ ಕೆಲಸ ಮಾಡುವವರಿಗೆ ಜಾಸ್ತಿ ಬರುತ್ತದೆ ಎಂದು ಹುಡುಕುವುದೂ ಇದೇ. ವೈವಾಕ್ಸ್ ಮಲೇರಿಯಾಕ್ಕೆ ಕೊಡುವ 14 ದಿನದ ಪ್ರೈಮಾಕ್ವಿನ್ ಮಾತ್ರೆಯನ್ನು ಜನ ಯಾಕೆ ಅರ್ಧಕ್ಕೆ ಬಿಡುತ್ತಾರೆ ಎಂದು ವಿಚಾರಿಸುವುದೂ ಇದೇ. ಹಾಸಿಗೆ ಹಿಡಿದ ರೋಗಿಯನ್ನು ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಿದರೆ ಬೆಡ್‌ಸೋರ್ ಆಗುವುದಿಲ್ಲ ಎಂಬ ನರ್ಸಿನ ಪ್ರಶ್ನೆಯೂ ಇದರೊಳಗೇ ಬರುತ್ತದೆ.

ಚಿಕಿತ್ಸೆ ಕೊಡಲು ಬಂದರೆ ಸಾಲದಾ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಲ್ಪನೆಯದ್ದೇ, ಆದರೆ ನಮ್ಮೂರಿನದ್ದು. ಕಾರ್ಕಳದ ಕಡೆ ಒಬ್ಬರು ಫಿಸಿಯೋಥೆರಪಿಸ್ಟ್ ಇದ್ದಾರೆ. ಅವರ ಹತ್ತಿರ ಬರುವವರಲ್ಲಿ ಬೀಡಿ ಕಟ್ಟುವ ಹೆಂಗಸರು ಜಾಸ್ತಿ. ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟು, ತಲೆ ಬಗ್ಗಿಸಿ, ಗಂಟೆಗಟ್ಟಲೆ ಕೂತು ಕುತ್ತಿಗೆ ನೋವು, ಹೆಗಲು ನೋವು. ಫಿಸಿಯೋ ಕೆಲವು ವ್ಯಾಯಾಮ ಹೇಳಿಕೊಡುತ್ತಾರೆ. ತಿಂಗಳು ಬಿಟ್ಟು ಬಂದವರಲ್ಲಿ ಹೆಚ್ಚಿನವರು "ಈಗ ಅಡ್ಡಿಯಿಲ್ಲ ಮೇಡಂ" ಎನ್ನುತ್ತಾರೆ.

ವ್ಯಾಯಾಮ ಕೆಲಸ ಮಾಡಿತು ಎನ್ನಬಹುದಾ? ಅಷ್ಟು ಸುಲಭ ಇಲ್ಲ. ಕುತ್ತಿಗೆ ನೋವು ಏರುತ್ತದೆ, ಇಳಿಯುತ್ತದೆ. ಜನ ಆಸ್ಪತ್ರೆಗೆ ಬರುವುದು ನೋವು ತುಂಬಾ ಏರಿದಾಗ. ಅಲ್ಲಿಂದ ಮುಂದೆ ಏನೂ ಮಾಡದಿದ್ದರೂ ಕೆಲವರಿಗೆ ಅದು ತಾನಾಗಿ ಇಳಿಯುತ್ತದೆ. ಇನ್ನು, ಕಡಿಮೆ ಆಗದವರು ವಾಪಸ್ ಬರುವುದೇ ಇಲ್ಲ. ಬೇರೆ ಡಾಕ್ಟರ ಹತ್ತಿರ ಹೋಗಿರುತ್ತಾರೆ, ಇಲ್ಲವೇ ನಾಟಿ ಎಣ್ಣೆ ಹಚ್ಚಿಕೊಂಡು ಸುಮ್ನೆ ಇರುತ್ತಾರೆ. ಫಿಸಿಯೋ ಕಣ್ಣಿಗೆ ಬೀಳುವುದು ವಾಸಿಯಾದವರೇ. ಮತ್ತೆ ನಮ್ಮವರ ಸಂಕೋಚ ಗೊತ್ತಲ್ಲ. ಇಷ್ಟು ಪ್ರೀತಿಯಿಂದ ನೋಡಿದವರ ಎದುರು "ಏನೂ ಪ್ರಯೋಜನ ಆಗಲಿಲ್ಲ" ಎಂದು ಯಾರು ಹೇಳುತ್ತಾರೆ?

ಎದುರಿಗೆ ಕೂತ ಒಬ್ಬ ರೋಗಿಯನ್ನು ಸರಿಯಾಗಿ ನೋಡುವುದನ್ನು ಎಂಬಿಬಿಎಸ್, ಬಿಎಸ್ಸಿ ನರ್ಸಿಂಗ್, ಬಿಪಿಟಿ ಕಲಿಸುತ್ತವೆ. ನೂರಾರು ಜನರ ಅನುಭವವನ್ನು ಮೋಸಹೋಗದಂತೆ ಅಳೆಯುವುದು ಬೇರೆ ಕೆಲಸ. ಅಲ್ಲೂ ಸ್ಟ್ಯಾಟಿಸ್ಟಿಕ್ಸ್ ಕ್ಲಾಸು ಇರುತ್ತದೆ, ಇಲ್ಲ ಎಂದಲ್ಲ. ಪರೀಕ್ಷೆ ಮುಗಿದ ಮೇಲೆ ಅದನ್ನು ನೆನಪಿಟ್ಟುಕೊಂಡವರು ಕಡಿಮೆ.

ಸಂಶೋಧನೆಯ ಓದಿನಲ್ಲಿ ಮೊದಲು ಕಲಿಸುವುದು ಪ್ರಶ್ನೆ ಕೇಳುವುದನ್ನು. "ವ್ಯಾಯಾಮ ಒಳ್ಳೆಯದಾ?" ಎಂದರೆ ಉತ್ತರ ಸಿಗುವುದಿಲ್ಲ. ಯಾರಿಗೆ, ಏನು ಕೊಟ್ಟರೆ, ಯಾವುದಕ್ಕೆ ಹೋಲಿಸಿದರೆ, ಏನು ಬದಲಾಗುತ್ತದೆ ಎಂಬ ನಾಲ್ಕೂ ಅದರಲ್ಲಿರಬೇಕು. ಇದಕ್ಕೆ ಪಿಕೋ ಎಂದು ಹೆಸರು. ನಮ್ಮ ಫಿಸಿಯೋ ಪ್ರಶ್ನೆ ಹೀಗಾಗುತ್ತದೆ: ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ಕುತ್ತಿಗೆ ನೋವಿರುವ ಬೀಡಿ ಕಟ್ಟುವ ಹೆಂಗಸರಿಗೆ, ಆರು ವಾರ ಈ ವ್ಯಾಯಾಮ ಮಾಡಿಸಿದರೆ, ಬರೀ ಸಲಹೆ ಪಡೆದವರಿಗಿಂತ, ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಎಷ್ಟು ಕಡಿಮೆಯಾಗುತ್ತದೆ?

ಎರಡೂ ಕರೆ ಒಂದೇ ಹದದಲ್ಲಿರಬೇಕು

ಜೋಡುಕರೆ ಕಂಬಳ ನೋಡಿದವರಿಗೆ ಮುಂದಿನದ್ದು ಸಲೀಸಾಗಿ ಅರ್ಥವಾಗುತ್ತದೆ. ಎರಡು ಕರೆ, ಅಂದರೆ ಕೋಣ ಓಡುವ ಕೆಸರಿನ ಹಾದಿ, ಎರಡು ಜೊತೆ ಕೋಣ. ಒಂದು ಕರೆಯಲ್ಲಿ ಕೆಸರು ಹೂತುಹೋಗುವಷ್ಟು ಆಳ, ಇನ್ನೊಂದರಲ್ಲಿ ಹದವಾದ ನೀರು ಎಂದಿಟ್ಟುಕೊಳ್ಳಿ. ಯಾವ ಕರೆಯಲ್ಲಿ ಓಡಿಸುವುದು ಎಂದು ಕೋಣದ ಯಜಮಾನರೇ ಆರಿಸಿಕೊಂಡರೆ? ಓಟ ಮುಗಿಯುವ ಮಂಜೊಟ್ಟಿಗೆ ಮೊದಲು ಮುಟ್ಟಿದ್ದು ಕೋಣದ ಓಟದಿಂದಲೋ, ಕರೆಯ ಗುಣದಿಂದಲೋ ಯಾರಿಗೂ ಹೇಳಲು ಬರುವುದಿಲ್ಲ. ಲೇಸರ್ ಇಟ್ಟು ಸಮಯ ಅಳೆದರೂ ಅಷ್ಟೇ.

ಫಿಸಿಯೋಗೂ ಇದೇ ತೊಂದರೆ. ಉತ್ಸಾಹ ಇರುವವರನ್ನು, ವಯಸ್ಸು ಕಡಿಮೆ ಇರುವವರನ್ನು ಗೊತ್ತಿಲ್ಲದೆಯೇ ವ್ಯಾಯಾಮದ ಗುಂಪಿಗೆ ಹಾಕಿಬಿಡುತ್ತಾರೆ. ಹಾಗಾಗಿ ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಬೇಕು. ಇದೇ ರ್‍ಯಾಂಡಮೈಸೇಶನ್. ಕಂಪ್ಯೂಟರ್ ಪಟ್ಟಿ ತಯಾರಿಸುತ್ತದೆ, ಬೇರೊಬ್ಬರು ಅದನ್ನು ಒಳಗಿನದು ಕಾಣದ ಲಕೋಟೆಗಳಲ್ಲಿ ಹಾಕಿ ಅಂಟಿಸುತ್ತಾರೆ. ರೋಗಿ ಒಪ್ಪಿ ಸೇರಿದ ಮೇಲೇ ಲಕೋಟೆ ಒಡೆಯುವುದು. ಮುಂದಿನ ಲಕೋಟೆಯಲ್ಲಿ ಏನಿದೆ ಎಂದು ಫಿಸಿಯೋಗೆ ಮೊದಲೇ ಗೊತ್ತಾದರೆ ಎಲ್ಲ ನೀರುಪಾಲು. ಚೀಟಿಯಿಂದ ಒಂದು ದೊಡ್ಡ ಲಾಭ ಇದೆ. ನಮಗೆ ಗೊತ್ತಿರುವ ವ್ಯತ್ಯಾಸಗಳ ಜೊತೆಗೆ, ನಾವು ಯೋಚಿಸಿಯೂ ಇರದ ವ್ಯತ್ಯಾಸಗಳೂ ಎರಡೂ ಗುಂಪಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ.

ನೋವಿನ ಅಂಕ ಬರೆದುಕೊಳ್ಳುವವರಿಗೆ ಯಾರು ಯಾವ ಗುಂಪು ಎಂದು ಗೊತ್ತಿರಬಾರದು. ಇದಕ್ಕೆ ಬ್ಲೈಂಡಿಂಗ್ ಎನ್ನುತ್ತಾರೆ. ಮಾತ್ರೆಯಾದರೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ ಕೊಟ್ಟು ರೋಗಿಗೂ ತಿಳಿಯದ ಹಾಗೆ ಮಾಡಬಹುದು. ವ್ಯಾಯಾಮದಲ್ಲಿ ಅದು ಆಗದ ಮಾತು. ಆದ್ದರಿಂದ ಅಳೆಯುವವರನ್ನಾದರೂ ಬೇರೆ ಇಡುತ್ತಾರೆ. ವ್ಯಾಯಾಮದ ಗುಂಪಿಗೆ ಬಿದ್ದು, ಎರಡೇ ದಿನ ಮಾಡಿ ಬಿಟ್ಟವರನ್ನು ಏನು ಮಾಡುವುದು? ಲೆಕ್ಕದಿಂದ ತೆಗೆಯುವಂತಿಲ್ಲ. ಅವರನ್ನೂ ಅದೇ ಗುಂಪಿನಲ್ಲಿ ಎಣಿಸಬೇಕು. ತೆಗೆದರೆ ಚೀಟಿ ಎತ್ತಿ ಸಾಧಿಸಿದ ಸಮಾನತೆ ಹಾಳಾಗುತ್ತದೆ. ಹೊಸದಾಗಿ ಕಲಿಯುವವರಿಗೆ ಒಪ್ಪಿಕೊಳ್ಳಲು ಕಷ್ಟವಾಗುವ ನಿಯಮ ಇದು.

ಈ ಕ್ರಮಕ್ಕೆ ದೊಡ್ಡ ಹೆಸರು ತಂದದ್ದು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1948ರಲ್ಲಿ ಪ್ರಕಟಿಸಿದ ಕ್ಷಯರೋಗದ ಅಧ್ಯಯನ. ಸ್ಟ್ರೆಪ್ಟೋಮೈಸಿನ್ ಎಂಬ ಹೊಸ ಔಷಧ ಆಗ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಹಾಗಾಗಿ ಸ್ಟ್ಯಾಟಿಸ್ಟಿಕ್ಸ್ ತಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ರೂಪಿಸಿದ ಕ್ರಮದಲ್ಲಿ ಮುಚ್ಚಿದ ಲಕೋಟೆಯ ಮೂಲಕ 107 ರೋಗಿಗಳನ್ನು ಹಂಚಿದರು. ಆರು ತಿಂಗಳಲ್ಲಿ ಔಷಧ ಸಿಕ್ಕಿದ 55 ಜನರಲ್ಲಿ 4 ಮಂದಿ ತೀರಿಕೊಂಡರು. ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14 ಮಂದಿ.

ನಮ್ಮ ದೇಶದ್ದೂ ಒಂದು ಇದೆ, ಅದು ಇನ್ನೂ ಸೊಗಸು. 1956ರಲ್ಲಿ ಮದ್ರಾಸಿನಲ್ಲಿ ಕ್ಷಯರೋಗ ಕೇಂದ್ರವೊಂದು ಶುರುವಾಯಿತು. ಸ್ಯಾನಟೋರಿಯಂನಲ್ಲಿ ಒಳ್ಳೆಯ ಊಟ, ಗಾಳಿ, ವಿಶ್ರಾಂತಿ ಇಲ್ಲದೆ ಟಿಬಿ ವಾಸಿಯಾಗದು ಎಂದು ಆಗ ಎಲ್ಲರೂ ನಂಬಿದ್ದರು. ಅಲ್ಲಿನವರು ರೋಗಿಗಳನ್ನು ಚೀಟಿಯ ಪ್ರಕಾರ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಸ್ಯಾನಟೋರಿಯಂ, ಇನ್ನೊಂದಕ್ಕೆ ಅದೇ ಮಾತ್ರೆ, ಆದರೆ ಇಕ್ಕಟ್ಟಿನ ಬಡ ಮನೆಯಲ್ಲೇ. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು, ಮನೆಯವರಿಗೆ ರೋಗ ಹರಡುವುದೂ ಹೆಚ್ಚಾಗಿರಲಿಲ್ಲ. ಇವತ್ತು ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್‌ಲಾಕ್‌ನಿಂದಲೋ ಊರಿನ ಆರೋಗ್ಯ ಕೇಂದ್ರದಿಂದಲೋ ಮಾತ್ರೆ ತಂದು ಟಿಬಿ ರೋಗಿ ಮನೆಯಲ್ಲೇ ಇರುವುದಕ್ಕೆ ಹಿಂದೆ ಆ ಅಧ್ಯಯನ ಇದೆ. ದೊಡ್ಡ ಡಾಕ್ಟರುಗಳೆಲ್ಲ ಸೇರಿ ನಂಬಿದ್ದೂ ತಪ್ಪಾಗಿರಬಹುದು, ಪರೀಕ್ಷಿಸಿ ನೋಡಿದರೆ ಮಾತ್ರ ಗೊತ್ತಾಗುವುದು.

ಎಲ್ಲದಕ್ಕೂ ಚೀಟಿ ಎತ್ತಲು ಬರುವುದಿಲ್ಲ. "ನೀವು ಹತ್ತು ವರ್ಷ ಹೊಗೆಸೊಪ್ಪಿನ ಧೂಳು ಕುಡಿಯಿರಿ, ನೀವು ಬೇಡ" ಎಂದು ಹಂಚಲು ಆಗುತ್ತದಾ? ಅಂಥ ಕಡೆ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಕೋಹಾರ್ಟ್, ರೋಗ ಬಂದವರನ್ನೂ ಬಾರದವರನ್ನೂ ಹಿಂದಿನದು ಕೇಳಿ ಹೋಲಿಸುವ ಕೇಸ್-ಕಂಟ್ರೋಲ್ ಎಂಬ ವಿಧಾನಗಳಿವೆ.

ಎಷ್ಟು ಜನ ಬೇಕು?

ಇದು ಸ್ಟ್ಯಾಟಿಸ್ಟಿಕ್ಸಿನ ಭಾಗ, ಹೆಚ್ಚಿನವರು ಹೆದರುವ ಜಾಗ. ಫಿಸಿಯೋಗೆ ಹತ್ತರಲ್ಲಿ ಒಂದೂವರೆ ಅಂಕದ ವ್ಯತ್ಯಾಸವಾದರೂ ಸಿಕ್ಕಿದರೆ ಅದು ರೋಗಿಗೆ ಗೊತ್ತಾಗುವಷ್ಟು ಸುಧಾರಣೆ ಎನ್ನಿಸುತ್ತದೆ ಅಂದುಕೊಳ್ಳಿ. ಜನರ ಅಂಕಗಳ ಏರುಪೇರು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, ಎರಡೂವರೆ ಎಂದಿಟ್ಟುಕೊಳ್ಳೋಣ. ವ್ಯತ್ಯಾಸ ನಿಜಕ್ಕೂ ಇದ್ದರೆ ನೂರಕ್ಕೆ 80 ಸಲ ಅದು ಸಿಗಬೇಕು, ಇಲ್ಲದಿದ್ದರೆ ನೂರಕ್ಕೆ 5ಕ್ಕಿಂತ ಹೆಚ್ಚು ಸಲ ಸುಳ್ಳೇ ಸಿಗಬಾರದು ಎನ್ನುವುದು ವಾಡಿಕೆ. ಈ ಲೆಕ್ಕದಲ್ಲಿ ಒಂದೊಂದು ಗುಂಪಿಗೆ 44 ಜನ ಬೇಕು. ಮಧ್ಯದಲ್ಲಿ ಬಿಟ್ಟುಹೋಗುವವರು ನೂರಕ್ಕೆ 15 ಎಂದರೆ 52.

ಒಂದೂವರೆ ಬದಲು ಮುಕ್ಕಾಲು ಅಂಕದ ವ್ಯತ್ಯಾಸ ಹುಡುಕುವುದಾದರೆ? ವ್ಯತ್ಯಾಸ ಅರ್ಧಕ್ಕಿಳಿಯಿತು, ಆದರೆ ಬೇಕಾದ ಜನ ನಾಲ್ಕು ಪಟ್ಟು: ಗುಂಪಿಗೆ 175. ಪಿಜಿ ಓದುವಾಗ ಮಾಡುವ ಎಷ್ಟೋ ತೀಸಿಸ್‌ಗಳು ಎಡವುವುದು ಇಲ್ಲೇ. ಸಿಕ್ಕಿದ ಮೂವತ್ತು ಜನರನ್ನು ಸೇರಿಸಿ, ಕೊನೆಗೆ "ವ್ಯತ್ಯಾಸ ಕಂಡುಬರಲಿಲ್ಲ" ಎಂದು ಬರೆದು ಮುಗಿಸುತ್ತಾರೆ. ವ್ಯತ್ಯಾಸ ಇಲ್ಲವೋ, ಕಾಣುವಷ್ಟು ಜನ ಇರಲಿಲ್ಲವೋ ಎನ್ನುವುದು ಹಾಗೇ ಉಳಿಯುತ್ತದೆ.

ಪಿ ವ್ಯಾಲ್ಯೂ ಎಂಬ ಇನ್ನೊಂದು ಭೂತ ಇದೆ. ವ್ಯಾಯಾಮದಿಂದ ಏನೂ ಆಗುವುದಿಲ್ಲ ಎಂದೇ ಇಟ್ಟುಕೊಂಡರೆ, ನಮಗೆ ಸಿಕ್ಕಿದಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಎಷ್ಟು ಎಂಬುದೇ ಅದು. 0.05ಕ್ಕಿಂತ ಕಡಿಮೆ ಬಂದರೆ ಖುಷಿ. ಆದರೆ ಏನೂ ಇಲ್ಲದ ಕಡೆ 20 ಬೇರೆ ಬೇರೆ ಅಳತೆಗಳನ್ನು ಪರೀಕ್ಷಿಸಿ ನೋಡಿದರೆ, ಅವು ಒಂದಕ್ಕೊಂದು ಸಂಬಂಧ ಇಲ್ಲದವಾದರೆ, ಒಂದಾದರೂ ಸುಳ್ಳು ಖುಷಿ ಸಿಗುವ ಸಾಧ್ಯತೆ ನೂರಕ್ಕೆ 64. ಅದಕ್ಕೇ ಮುಖ್ಯವಾಗಿ ಏನನ್ನು ಅಳೆಯುತ್ತೇವೆ ಎಂದು ಶುರು ಮಾಡುವ ಮೊದಲೇ ಬರೆದಿಡಬೇಕು. ಆ ಬರಹಕ್ಕೆ ಪ್ರೊಟೊಕಾಲ್ ಎನ್ನುತ್ತಾರೆ. ಒಳ್ಳೆಯ ಕೋರ್ಸುಗಳಲ್ಲಿ ಹೆಚ್ಚು ಬೆವರು ಇಳಿಯುವುದು ಇದನ್ನು ಬರೆಯುವಾಗ.

ಸಹಿ ಹಾಕಿಸುವ ಮೊದಲು

ಪ್ರೊಟೊಕಾಲ್ ಆದಕೂಡಲೇ ರೋಗಿಗಳ ಹತ್ತಿರ ಹೋಗುವಂತಿಲ್ಲ. ಅದು ಎಥಿಕ್ಸ್ ಕಮಿಟಿಗೆ, ಅಂದರೆ ರೋಗಿಗಳ ಹಕ್ಕು, ಸುರಕ್ಷತೆ ನೋಡಿ ಒಪ್ಪಿಗೆ ಕೊಡುವ ಸಮಿತಿಗೆ ಹೋಗಬೇಕು. ಭಾರತದಲ್ಲಿ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ (ಜನರ ಮೇಲೆ ಚಿಕಿತ್ಸೆಯ ಪ್ರಯೋಗ) ನಿಯಮಗಳು 2019ರಲ್ಲಿ ಬಂದವು. ಅವುಗಳ ಪ್ರಕಾರ ಕಮಿಟಿಯಲ್ಲಿ ಕನಿಷ್ಠ 7 ಜನ ಇರಬೇಕು. ಅರ್ಧದಷ್ಟಾದರೂ ಹೊರಗಿನವರು, ಅಧ್ಯಕ್ಷರೂ ಹೊರಗಿನವರೇ. ಡಾಕ್ಟರುಗಳ ಜೊತೆ ಒಬ್ಬರು ಕಾನೂನು ಬಲ್ಲವರು, ಒಬ್ಬ ಮಹಿಳೆ, ಒಬ್ಬ ಸಾಮಾನ್ಯ ಮನುಷ್ಯ ಇರಲೇಬೇಕು. ಆ ಸಾಮಾನ್ಯ ಮನುಷ್ಯನ ಕೆಲಸ ದೊಡ್ಡದು. "ಈ ಫಾರಂ ಓದಿದರೆ ನನಗೇ ಅರ್ಥವಾಗುತ್ತಿಲ್ಲ, ರೋಗಿಗೆ ಆಗುತ್ತದಾ?" ಎಂದು ಕೇಳಬೇಕಾದವರು ಅವರು.

ಒಪ್ಪಿಗೆ ಪತ್ರ ನಮ್ಮ ಊರಿನಲ್ಲಿ ಸುಲಭದ್ದಲ್ಲ. ಒಂದೇ ವಾರ್ಡಿನಲ್ಲಿ ಒಬ್ಬರು ತುಳು, ಒಬ್ಬರು ಕೊಂಕಣಿ, ಒಬ್ಬರು ಬ್ಯಾರಿ, ಕಾಸರಗೋಡಿನಿಂದ ಬಂದವರು ಮಲಯಾಳಂ, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರದ್ದು ಇನ್ನೊಂದು ಬಗೆಯ ಕನ್ನಡ. ನಿಯಮ ಹೇಳುವುದು, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು ಎಂದು. ಓದು ಬಾರದವರಾದರೆ, ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ವಿವರಣೆ ಮುಗಿಯುವವರೆಗೂ ಕೂತಿರಬೇಕು. "ಅಕ್ಕಾ, ನೀವು ಇದಕ್ಕೆ ಸೇರದಿದ್ದರೂ ಇಲ್ಲಿಯ ಚಿಕಿತ್ಸೆ ಹಾಗೇ ಸಿಗುತ್ತದೆ. ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು. ವ್ಯಾಯಾಮ ನಿಮಗೆ ಸಿಗಲೂಬಹುದು, ಸಿಗದೆಯೂ ಇರಬಹುದು" ಎಂದು ಬಿಡಿಸಿ ಹೇಳಬೇಕು. "ಡಾಕ್ಟ್ರು ಹೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ?" ಎಂದು ಸಹಿ ಹಾಕಿದರೆ ಅದು ಒಪ್ಪಿಗೆ ಎನ್ನಿಸಿಕೊಳ್ಳುವುದಿಲ್ಲ. ಹೊಸ ಔಷಧದ ಟ್ರಯಲ್‌ನಲ್ಲಿ ತೊಂದರೆಗೆ ಸುಲಭವಾಗಿ ಸಿಲುಕಬಲ್ಲವರು ಸೇರುವಾಗ ಒಪ್ಪಿಗೆಯ ಮಾತುಕತೆಯನ್ನು ವಿಡಿಯೊ ಮಾಡಬೇಕೆಂಬ ನಿಯಮವೂ ಇದೆ.

ಔಷಧದ ಟ್ರಯಲ್‌ನಲ್ಲಿ ಗಂಭೀರ ತೊಂದರೆ ಆದರೆ ಡಾಕ್ಟರು 24 ಗಂಟೆಯೊಳಗೆ ತಿಳಿಸಬೇಕು. ಟ್ರಯಲ್‌ನಿಂದ ಆದ ಹಾನಿಗೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಸಿಗಬೇಕು. ಇಷ್ಟೊಂದು ಬಿಗಿ ಯಾಕೆ? ನಾಜಿ ಡಾಕ್ಟರುಗಳು ಕೈದಿಗಳ ಮೇಲೆ ನಡೆಸಿದ ಕ್ರೌರ್ಯ ಕೋರ್ಟಿನಲ್ಲಿ ಹೊರಬಿದ್ದ ಮೇಲೆ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು. ಅದರ ಮೊದಲ ಸಾಲೇ ಸ್ವಇಚ್ಛೆಯ ಒಪ್ಪಿಗೆಯ ಬಗ್ಗೆ. 1964ರಲ್ಲಿ ಇದೇ ವಿಷಯಕ್ಕೆ ಜಗತ್ತಿನ ವೈದ್ಯರ ಸಂಘದ ಹೆಲ್ಸಿಂಕಿ ಘೋಷಣೆ ಬಂತು. ನಮ್ಮಲ್ಲಿ ವೈದ್ಯಕೀಯ ಸಂಶೋಧನೆಯ ಕೇಂದ್ರ ಸರ್ಕಾರಿ ಸಂಸ್ಥೆ ಐಸಿಎಂಆರ್‌ನ ರಾಷ್ಟ್ರೀಯ ಮಾರ್ಗಸೂಚಿ 2017ರದ್ದು ಈಗ ಚಾಲ್ತಿಯಲ್ಲಿದೆ.

ಹೊಸ ಔಷಧದ ನಾಲ್ಕು ಹಂತ

ಕೋವಿಡ್ ಲಸಿಕೆಯ ಕಾಲದಲ್ಲಿ ಫೇಸ್ ಒಂದು, ಎರಡು, ಮೂರು ಎಂದು ಎಲ್ಲರೂ ಟಿವಿಯಲ್ಲಿ ಕೇಳಿದ್ದೇವೆ. ಒಂದನೆಯದರಲ್ಲಿ ಕೆಲವೇ ಹತ್ತಾರು ಜನ. ಔಷಧ ಸುರಕ್ಷಿತವಾ, ಎಷ್ಟು ಪ್ರಮಾಣ ತಡೆಯುತ್ತದೆ ಎಂದು ನೋಡುವುದು. ಎರಡನೆಯದರಲ್ಲಿ ಕೆಲವು ನೂರು ರೋಗಿಗಳು. ಮೂರನೆಯದರಲ್ಲಿ ನೂರಾರು, ಸಾವಿರಾರು ಜನರಲ್ಲಿ ಈಗಿರುವ ಚಿಕಿತ್ಸೆಗೆ ಅಥವಾ ಖಾಲಿ ಔಷಧಕ್ಕೆ ಹೋಲಿಕೆ. ಅಂಗಡಿಗೆ ಬಂದ ಮೇಲೆ ನಾಲ್ಕನೆಯದು. ಹತ್ತು ಸಾವಿರಕ್ಕೊಬ್ಬರಿಗೆ ಆಗುವ ತೊಂದರೆ ಮೂರು ಸಾವಿರ ಜನರ ಟ್ರಯಲ್‌ನಲ್ಲಿ ಕಾಣದೇ ಹೋಗಬಹುದಲ್ಲ, ಅದಕ್ಕೆ.

ಎರಡು ಬೇರೆ ದಾರಿ

ಈಗ ಮಗಳ ಎಂಎಸ್ಸಿಗೆ ಬರೋಣ. ಗೊಂದಲ ಇರುವುದು ಇಲ್ಲಿ. ಕ್ಲಿನಿಕಲ್ ರಿಸರ್ಚ್ ಕಲಿಸುತ್ತೇವೆ ಎನ್ನುವ ಕೋರ್ಸುಗಳು ಎರಡು ಬಗೆಯವು, ಜಾಹೀರಾತಿನಲ್ಲಿ ಮಾತ್ರ ಎಲ್ಲ ಒಂದೇ ಥರ ಕಾಣುತ್ತವೆ.

ಒಂದು ಬಗೆ, ಬೇರೆಯವರು ರೂಪಿಸಿದ ಟ್ರಯಲ್ ಅನ್ನು ನಿಯಮದ ಪ್ರಕಾರ ನಡೆಸಿಕೊಡುವವರನ್ನು ತಯಾರು ಮಾಡುತ್ತದೆ. ಪಿಜಿ ಡಿಪ್ಲೊಮಾ, ಎಂಎಸ್ಸಿ ಹೆಚ್ಚಾಗಿ ಈ ಬಗೆಯವು. ಆಸ್ಪತ್ರೆಯಲ್ಲಿ ಸ್ಟಡಿ ಕೋಆರ್ಡಿನೇಟರ್ ಕೆಲಸ ಸಿಗುತ್ತದೆ: ರೋಗಿಗಳ ಭೇಟಿಯ ದಿನ ಹೊಂದಿಸುವುದು, ಫಾರಂ ತುಂಬುವುದು, ಮಾತ್ರೆ ಲೆಕ್ಕ ಇಡುವುದು. ಕಂಪನಿಗಳ ಪರವಾಗಿ ಆಸ್ಪತ್ರೆಗಳಿಗೆ ಹೋಗಿ ದಾಖಲೆ ತಪಾಸಣೆ ಮಾಡುವ ಮಾನಿಟರ್ ಕೆಲಸ ಇದೆ. ಡೇಟಾ ಮ್ಯಾನೇಜ್‌ಮೆಂಟ್, ಔಷಧದ ಅಡ್ಡಪರಿಣಾಮ ಗಮನಿಸುವ ಫಾರ್ಮಕೋವಿಜಿಲೆನ್ಸ್ ಇವೆ. ಕಂಪನಿ ಕೆಲಸಗಳಿಗೆ ಹೆಚ್ಚಾಗಿ ಬೆಂಗಳೂರು, ಹೈದರಾಬಾದ್ ಕಡೆ ಹೋಗಬೇಕಾಗುತ್ತದೆ. ಇಲ್ಲಿ ಮುಖ್ಯವಾಗಿ ಕಲಿಸುವುದು ಜಿಸಿಪಿ, ಅಂದರೆ ಟ್ರಯಲ್ ನಡೆಸುವ ಅಂತರರಾಷ್ಟ್ರೀಯ ಶಿಸ್ತು. ಬಿ.ಫಾರ್ಮ್, ನರ್ಸಿಂಗ್, ಬಿಡಿಎಸ್, ಲೈಫ್ ಸೈನ್ಸ್ ಓದಿದವರಿಗೆ ಹೊಂದುತ್ತದೆ.

ಇನ್ನೊಂದು ಬಗೆ, ಪ್ರಶ್ನೆಯನ್ನು ತಾವೇ ಹುಟ್ಟುಹಾಕುವವರಿಗೆ. ನಮ್ಮ ಕಾರ್ಕಳದ ಫಿಸಿಯೋಗೆ ಬೇಕಾದದ್ದು ಇದು. ಎಪಿಡೆಮಿಯಾಲಜಿ (ರೋಗ ಯಾರಿಗೆ, ಎಲ್ಲಿ, ಯಾಕೆ ಬರುತ್ತದೆ ಎಂಬ ಓದು), ಬಯೋಸ್ಟ್ಯಾಟಿಸ್ಟಿಕ್ಸ್, ಎಥಿಕ್ಸ್, ಪ್ರೊಟೊಕಾಲ್ ಬರೆಯುವುದು, ಅನುದಾನಕ್ಕೆ ಅರ್ಜಿ ಹಾಕುವುದು, ಪೇಪರ್ ಬರೆಯುವುದು ಎಲ್ಲ ಇರುತ್ತದೆ. ಅಮೆರಿಕದಲ್ಲಿ ವೈದ್ಯಕೀಯ ಸಂಶೋಧನೆಗೆ ಸರ್ಕಾರದ ಹಣ ಹಂಚುವ ಎನ್‌ಐಎಚ್ ಸಂಸ್ಥೆ 1990ರ ದಶಕದ ಕೊನೆಯಿಂದ ವಿಶ್ವವಿದ್ಯಾಲಯಗಳಿಗೆ ಇದಕ್ಕೆಂದೇ ಹಣ ಕೊಡತೊಡಗಿತು. ಅಲ್ಲಿ ಡಾಕ್ಟರು ಆಸ್ಪತ್ರೆಯ ಕೆಲಸ ಕಡಿಮೆ ಮಾಡಿಕೊಂಡು ಮಾಸ್ಟರ್ಸ್ ಮುಗಿಸಲು ಸಮಯ ಕೊಡುವ ಪದ್ಧತಿ ಇದೆ. ನಮ್ಮಲ್ಲಿ ತೊಡಕಿರುವುದೇ ಸಮಯಕ್ಕೆ. ಬೆಳಿಗ್ಗೆ ಒಪಿಡಿ, ಮಧ್ಯಾಹ್ನ ವಾರ್ಡು, ರಾತ್ರಿ ಡ್ಯೂಟಿ ಮಾಡುವ ಪಿಜಿ ಹುಡುಗನಿಗೆ ತೀಸಿಸ್ ಹೊರೆಯಾಗಿಯೇ ಕಾಣುತ್ತದೆ. ಎಂಡಿ, ಎಂಎಸ್‌ನವರಿಗೆ ರಿಸರ್ಚ್ ಮೆಥಡಾಲಜಿ ಕೋರ್ಸ್ ಕಡ್ಡಾಯ ಮಾಡಿದ್ದಾರೆ. ಚೆನ್ನೈನ ಐಸಿಎಂಆರ್-ಎನ್‌ಐಇ ನಡೆಸುವ ಆನ್‌ಲೈನ್ ಬೇಸಿಕ್ ಕೋರ್ಸನ್ನು ಇದಕ್ಕೆಂದೇ ಬಹಳ ಜನ ಮಾಡುತ್ತಾರೆ. ಎಂಬಿಬಿಎಸ್ ಓದುವಾಗಲೇ ರುಚಿ ನೋಡುವವರಿಗೆ 1979ರಿಂದ ಐಸಿಎಂಆರ್‌ನ ಎಸ್‌ಟಿಎಸ್ ಎಂಬ ಸಣ್ಣ ಅವಧಿಯ ಯೋಜನೆ ಇದೆ. ನಂತರದ ಮೆಟ್ಟಿಲು ಪಿಎಚ್‌ಡಿ. ನರ್ಸ್, ಫಿಸಿಯೋಗಳಿಗೆ ತಮ್ಮದೇ ವಿಷಯದ ಎಂಎಸ್ಸಿ, ಎಂಪಿಟಿಯ ತೀಸಿಸ್ ಮೊದಲ ಮೆಟ್ಟಿಲಾಗಬಹುದು, ಗೈಡ್ ಒಳ್ಳೆಯವರಾಗಿದ್ದರೆ.

ಫೀಸು ಕಟ್ಟುವ ಮೊದಲು

ಮಗಳಿಗೆ ಯಾವುದು ಬೇಕು ಎಂದು ಮೊದಲು ಅವಳನ್ನೇ ಕೇಳಿ. ರೋಗಿಗಳ ಜೊತೆ ಇರುವುದು ಇಷ್ಟವಾ, ಲ್ಯಾಪ್‌ಟಾಪ್ ಮುಂದೆ ಕೂರುವುದು ಇಷ್ಟವಾ? ಆಮೇಲೆ ಕಾಲೇಜಿನವರನ್ನು ಕೇಳಿ. ಡಿಗ್ರಿ ಕೊಡುವುದು ಯುಜಿಸಿ ಮಾನ್ಯತೆ ಇರುವ ವಿಶ್ವವಿದ್ಯಾಲಯವಾ, ಅಥವಾ ಬಾಡಿಗೆ ಮಹಡಿಯ ಸಂಸ್ಥೆಯ ಸರ್ಟಿಫಿಕೇಟಾ? ಸ್ವಂತ ಆಸ್ಪತ್ರೆ ಇದೆಯಾ, ಅಲ್ಲಿ ಟ್ರಯಲ್‌ಗಳು ನಿಜಕ್ಕೂ ನಡೆಯುತ್ತವಾ? ಸ್ಟ್ಯಾಟಿಸ್ಟಿಕ್ಸ್ ಕಲಿಸಲು ಪೂರ್ಣಾವಧಿಯವರು ಇದ್ದಾರಾ? "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಎಂದರೆ ಕಳೆದ ಬ್ಯಾಚಿನ ನಾಲ್ಕು ಜನರ ಫೋನ್ ನಂಬರ್ ಕೇಳಿ ಮಾತಾಡಿ.

ಹೇಳಿದ್ದನ್ನು ನಂಬಬೇಕಾಗಿಯೂ ಇಲ್ಲ. ಐಸಿಎಂಆರ್ 2007ರಲ್ಲಿ ಶುರು ಮಾಡಿದ ಸಿಟಿಆರ್‌ಐ ಎಂಬ ನೋಂದಣಿ ಪುಸ್ತಕ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿದೆ. ಔಷಧದ ಟ್ರಯಲ್‌ಗಳನ್ನು ಮೊದಲ ರೋಗಿ ಸೇರುವ ಮೊದಲೇ ಅಲ್ಲಿ ಬರೆಸಬೇಕು. ನಮ್ಮ ಫಿಸಿಯೋ ಮಾಡುವಂಥ ಅಧ್ಯಯನಗಳನ್ನೂ ಬರೆಸುತ್ತಾರೆ. ಕಾಲೇಜಿನ ಹೆಸರು ಹಾಕಿ ಹುಡುಕಿದರೆ ಅಲ್ಲಿ ಏನೇನು ನಡೆಯುತ್ತಿದೆ, ಯಾರ ದುಡ್ಡಿನಲ್ಲಿ, ಎಷ್ಟು ಜನರ ಮೇಲೆ ಎಂಬುದೆಲ್ಲ ಸಿಗುತ್ತದೆ. ಅಮ್ಮನ ಹತ್ತಿರ ಸಹಿ ಕೇಳಿದ್ದಾರಲ್ಲ, ಆ ಫಾರಂ ಹಿಡಿದುಕೊಂಡು "ಇದರ ಸಿಟಿಆರ್‌ಐ ನಂಬರ್ ಎಷ್ಟು, ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಎಲ್ಲಿದೆ?" ಎಂದು ಕೇಳಿ. ಕಮಿಟಿಯವರನ್ನು ಸಂಪರ್ಕಿಸುವ ವಿವರ ಒಪ್ಪಿಗೆ ಪತ್ರದಲ್ಲೇ ಇರಬೇಕು. ಪತ್ರದ ಒಂದು ಪ್ರತಿಯನ್ನು ಮನೆಗೆ ತರಬಹುದು, ಅದು ಸೇರುವವರ ಹಕ್ಕು. ನಾಳೆ ಹೇಳುತ್ತೇವೆ ಎಂದು ಎದ್ದು ಬರಲೂಬಹುದು.